ಅಕ್ಕೋರ ಉತ್ತರ: ಎಂಟು ಮಂದಿ, ಎರಡು ಖೋಲಿ

ಹಾವೇರಿಯ ಎರಡು ಖೋಲಿ ಬಾಡಿಗೆ ಮನೆಯಲ್ಲಿ ಐದು ಮಕ್ಕಳನ್ನು ಬೆಳೆಸಿದ್ದರ ಬಗ್ಗೆ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದೂ ಬೇರೆ ಯಾರದೋ ಪ್ರಶ್ನೆಗೆ ಉತ್ತರಿಸುವಾಗ ಮಾತಿಗೆ ಮಾತು ಬಂದು. ಈಗ ನೋಡಿದರೆ ದೊಡ್ಡ ಸಂಸಾರದಲ್ಲಿ ಕಡಿಮೆ ಸಾಮಾನಿನಿಂದ ಬದುಕುವುದು ಹೇಗೆ ಅಂತ ಕೇಳಿದ ಪತ್ರಗಳ ಕಟ್ಟು ದಪ್ಪವಾಗಿದೆ. ಹಾಗಾಗಿ ಸಕ್ಕರೆ ಕಾಯಿಲೆ, ಅತ್ತೆ-ಸೊಸೆ, ದಾಸವಾಳಕ್ಕೆ ಹತ್ತಿದ ಬಿಳಿ ಹುಳ ಎಲ್ಲ ಮುಂದಿನ ತಿಂಗಳಿಗೆ.

ಪ್ರಶ್ನೆ: ಅಕ್ಕೋರೆ, ನಮಗೆ ನಾಲ್ಕು ಮಕ್ಕಳು, ಜೊತೆಗೆ ಅತ್ತೆ, ಮಾವ. ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನಮ್ಮ ಯಜಮಾನರು ಮೂರು ತಿಂಗಳಿಂದ ಮೊಬೈಲಿನಲ್ಲಿ ಮಿನಿಮಲಿಸಂ, ಅಂದರೆ ಕಡಿಮೆ ಸಾಮಾನಿನ ಬದುಕಿನ ವಿಡಿಯೋ ನೋಡುತ್ತಿದ್ದಾರೆ. ಮನೆಯ ಅರ್ಧ ಸಾಮಾನು ಹೊರಗೆ ಹೋಗಬೇಕು ಅಂತ ಹಟ. ಮೊದಲು ಮಕ್ಕಳ ಆಟಿಕೆ, ಆಮೇಲೆ ಅತ್ತೆಯವರ ಪಾತ್ರೆ ಅಂತ ಪಟ್ಟಿಯೂ ತಯಾರಾಗಿದೆ. ಮನೆ ಹಗುರಾದರೆ ನನಗೂ ಖುಷಿಯೇ, ಆದರೆ ದಿನಾ ಜಗಳ. ಎಲ್ಲಿಂದ ಶುರು ಮಾಡಲಿ? ಆಯ್ದಕ್ಕಿ ಲಕ್ಕಮ್ಮನ ಕಥೆ ಮಾತ್ರ ಹೇಳಬೇಡಿ, ಅದನ್ನು ಅವರೇ ದಿನಾ ಹೇಳುತ್ತಾರೆ. (ಒಬ್ಬ ಗೃಹಿಣಿ, ಬೆಂಗಳೂರು)

ಉತ್ತರ: ಹೇಳದೆ ವಿಧಿಯಿಲ್ಲ ತಾಯಿ, ಯಾಕೆಂದರೆ ನಿಮ್ಮ ಯಜಮಾನರು ಕಥೆಯನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಮಾರಯ್ಯ ದಿನಾ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು ಲಕ್ಕಮ್ಮ. ಅಂದದ್ದು ಯಾರಿಗೆ? ಗಂಡನಿಗೆ. ಮಗುವಿನ ಕೈಯಲ್ಲಿದ್ದ ಗೊಂಬೆ ಕಸಿದುಕೊಂಡಳು ಅಂತ ನಾನೆಲ್ಲೂ ಕೇಳಿಲ್ಲ.

ಅವರ ಪಟ್ಟಿಯನ್ನು ಇಸಿದುಕೊಂಡು ಒಂದು ಸಲ ನೋಡಿ. ಅದರಲ್ಲಿ ಅವರದೇ ಸಾಮಾನು ಎಷ್ಟಿದೆ? ಡ್ರಾಯರಿನಲ್ಲಿ ಹೆಣೆದುಕೊಂಡು ಬಿದ್ದ ಚಾರ್ಜರ್ ವೈರುಗಳು, ಕೆಟ್ಟ ಹೆಲ್ಮೆಟ್ಟು, ಬಟ್ಟೆ ಒಣಹಾಕಲಿಕ್ಕಷ್ಟೇ ಉಪಯೋಗವಾಗುವ ವ್ಯಾಯಾಮದ ಯಂತ್ರ? (ನಿಮ್ಮ ಮನೆಯಲ್ಲಿ ಅದಿಲ್ಲದಿದ್ದರೆ ಕ್ಷಮಿಸಿ. ನನ್ನ ಅಳಿಯನ ಮನೆಯಲ್ಲಿದೆ.) ಮೊದಲ ತಿಂಗಳು ಅವರ ಸಾಮಾನು ಮಾತ್ರ ಹೊರಗೆ ಹೋಗಲಿ. ಎರಡನೇ ತಿಂಗಳು ನಿಮ್ಮದು. ಅಪ್ಪ ಅಮ್ಮ ತಮ್ಮದನ್ನು ಕೊಟ್ಟದ್ದನ್ನು ಎರಡು ತಿಂಗಳು ನೋಡಿದ ಮಕ್ಕಳು ತಾವೇ ಏನಾದರೂ ತಂದು ಮುಂದಿಡುತ್ತಾರೆ. ಇಡದಿದ್ದರೂ ನಷ್ಟವಿಲ್ಲ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ನಮ್ಮವರು ಬಸ್ ಕಂಡಕ್ಟರು. ಆಗ ಟಿಕೇಟು ಕೊಡುವ ಯಂತ್ರ ಬಂದಿರಲಿಲ್ಲ, ದರಕ್ಕೊಂದು ಬಣ್ಣದ ಸಣ್ಣ ಸಣ್ಣ ಕಾಗದದ ಟಿಕೇಟು. ಜನ ಬಸ್ಸಿನಲ್ಲಿ ಎಸೆದು ಹೋದವನ್ನು ನನ್ನ ಎರಡನೆಯ ಮಗಳು ಆಯ್ದು ತಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಜೋಡಿಸಿಡುತ್ತಿದ್ದಳು. ಹಸಿರಿನದೊಂದು ಕಟ್ಟು, ಗುಲಾಬಿಯದೊಂದು ಕಟ್ಟು, ತಲೆಗೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ. 1994ರ ದಸರೆಗೆ ಮನೆ ಸ್ವಚ್ಛ ಮಾಡುವಾಗ ನನಗೆ ಬೇಕಾಗಿದ್ದದ್ದು ಡಬ್ಬಿ. ಒಳಗಿದ್ದದ್ದನ್ನು ಬಚ್ಚಲ ಒಲೆಗೆ ಸುರಿದು, ಡಬ್ಬಿಗೆ ಮೆಂತ್ಯ ತುಂಬಿದೆ. ಅವಳು ಆರನೇ ಇಯತ್ತೆ. ಶಾಲೆಯಿಂದ ಬಂದು ಡಬ್ಬಿ ತೆಗೆದು ನೋಡಿದಳು, ಮುಚ್ಚಳ ಹಾಕಿದಳು, ಒಂದು ಮಾತೂ ಆಡಲಿಲ್ಲ. ಅತ್ತಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಈಗ ಅವಳಿಗೆ ನಲವತ್ತೆರಡು. ನಾನು ಅವಳ ಮನೆಗೆ ಹೋದರೆ ಕಪಾಟಿಗೆ ಕೀಲಿ ಹಾಕುತ್ತಾಳೆ. ತಮಾಷೆಗೆ ಅಂತ ನಗುತ್ತಾಳೆ. ಹಾಕುವುದನ್ನಂತೂ ಬಿಟ್ಟಿಲ್ಲ.

ಎಂಟು ಮಂದಿಯ ಮನೆಯಲ್ಲಿ ಜಾಗ ತಿನ್ನುವುದು ಆ ಬಿಸ್ಕೀಟಿನ ಡಬ್ಬಿಯಲ್ಲ. ಎಲ್ಲರದೂ ಆಗಿ ಯಾರದೂ ಅಲ್ಲದ ಸಾಮಾನು. ಮದುವೆ ಮುಂಜಿಗೆ ಬಂದ ಸ್ಟೀಲ್ ಡಬರಿಗಳು, ಒಂದರೊಳಗೊಂದು ಕೂತ ಪ್ಲಾಸ್ಟಿಕ್ ಡಬ್ಬಿಗಳು, ಮುರಿದ ಕುರ್ಚಿ, ಎರಡನೇ ಮಿಕ್ಸರು, ಬಂದವರಿಗೆ ಇರಲಿ ಅಂತ ಇಟ್ಟ ಆರು ಗಾದಿ. ಕತ್ತರಿ ಬೀಳಬೇಕಾದದ್ದು ಅಲ್ಲಿ. ನಮ್ಮಲ್ಲಿ ಗಾದಿಯೇ ಇರಲಿಲ್ಲ. ಹಳೇ ಸೀರೆ ಧೋತರ ಸೇರಿಸಿ ಅತ್ತೆ ಹೊಲಿದ ಕೌದಿಗಳು. ಬೆಳಿಗ್ಗೆ ಮಡಿಚಿ ಟ್ರಂಕಿನ ಮೇಲೆ ಒಟ್ಟಿದರೆ ಮಲಗುವ ಖೋಲಿಯೇ ಓದುವ ಖೋಲಿ. ದೊಡ್ಡ ಪಾತ್ರೆ ಬೇಕಾದಾಗ ಮಠದಿಂದ ತರುತ್ತಿದ್ದೆವು. ಹಂಡೆ, ಪರಾತ, ಸೌಟು ಎಣಿಸಿ ಬರೆಸಿ ತಂದು, ತಿಕ್ಕಿ ಎಣಿಸಿ ಮುಟ್ಟಿಸುವುದು. ನಿಮ್ಮಲ್ಲಿ ಬಾಡಿಗೆಗೆ ಕೊಡುವವರು ಗಲ್ಲಿಗೊಬ್ಬರಿದ್ದಾರೆ.

ಅತ್ತೆಯವರ ಪಾತ್ರೆಗಳನ್ನು ಪಟ್ಟಿಯಿಂದ ತೆಗೆಯಿರಿ. ಅವರಾಗಿ ಕೊಟ್ಟರೆ ಸರಿ. ಹಿತ್ತಾಳೆ ಹಂಡೆ ಯಾರ ತವರಿನಿಂದ ಬಂತು, ಯಾವ ವರ್ಷ ಬಂತು ಅಂತ ಒಂದು ಮಧ್ಯಾಹ್ನ ಕೂತು ಕೇಳಿ ನೋಡಿ. ಕಥೆ ಇರುವ ಪಾತ್ರೆ ಮೂರೋ ನಾಲ್ಕೋ ಇರುತ್ತವೆ, ಉಳಿದವನ್ನು ಅವರೇ ದೂಡುತ್ತಾರೆ. ಮಕ್ಕಳಿಗೆ ತಲೆಗೊಂದು ಮುಚ್ಚಳವಿರುವ ಪೆಟ್ಟಿಗೆ ಕೊಡಿ. ಅದರೊಳಗೆ ಕಲ್ಲಿರಲಿ, ಚಾಕೊಲೇಟಿನ ಕಾಗದವಿರಲಿ, ಮುಚ್ಚಳ ತೆಗೆಯುವ ಹಕ್ಕು ನಿಮಗೂ ಇಲ್ಲ, ನಿಮ್ಮವರಿಗೂ ಇಲ್ಲ. ಪೆಟ್ಟಿಗೆಯಲ್ಲಿ ಹಿಡಿಯದ ಆಟಿಕೆಯನ್ನು ಅವರ ಎದುರಿಗೇ ಚೀಲಕ್ಕೆ ಹಾಕಿ ಅಟ್ಟಕ್ಕೇರಿಸಿ. ಎರಡು ತಿಂಗಳು ಯಾರೂ ಕೇಳದಿದ್ದರೆ ಅಂಗನವಾಡಿಗೆ ಕೊಡಬಹುದು, ಅದೂ ಅವರ ಕೈಯಿಂದಲೇ.

ಪ್ರಶ್ನೆ: ನಾವು ಮನೆಯಲ್ಲಿ ಒಂಬತ್ತು ಜನ. ಬಟ್ಟೆ ಒಗೆಯುವುದೇ ಒಂದು ನೌಕರಿ ಆಗಿದೆ. ಒಬ್ಬೊಬ್ಬರಿಗೆ ಎಷ್ಟು ಜೊತೆ ಬಟ್ಟೆ ಸಾಕು? ಲೆಕ್ಕ ಹೇಳಿ. (ಓದುಗರು, ಗದಗ)

ಉತ್ತರ: ನನ್ನ ಲೆಕ್ಕ ಇದು: ಮಕ್ಕಳಿಗೆ ಶಾಲೆಯದು ಎರಡು ಜೊತೆ, ಮನೆಯದು ಮೂರು, ಹಬ್ಬದ್ದು ಒಂದು. ಒಳಉಡುಪಿನಲ್ಲಿ ಜಿಪುಣತನ ಬೇಡ, ಮಳೆಗಾಲದಲ್ಲಿ ಒಣಗುವುದಿಲ್ಲ.

ಆದರೆ ಬಟ್ಟೆ ಹೆಚ್ಚಾದದ್ದರಿಂದ ಒಗೆತ ಹೆಚ್ಚಾಯಿತು ಅನ್ನುವುದು ಪೂರ್ತಿ ನಿಜವಲ್ಲ. ಒಂದು ತಾಸು ಮೈಮೇಲೆ ಹಾಕಿದ್ದನ್ನು ಬುಟ್ಟಿಗೆ ಎಸೆಯುವುದರಿಂದ ಹೆಚ್ಚಾಗುತ್ತದೆ. ಗೋಡೆಗೆ ಹೆಸರು ಬರೆದು ಒಂಬತ್ತು ಮೊಳೆ ಹೊಡೆಯಿರಿ. ಸಂಜೆ ತೊಟ್ಟದ್ದು ಮರುದಿನ ಸಂಜೆಗೆ ಅದೇ ಮೊಳೆಯಲ್ಲಿ ಕಾಯಲಿ. ಹತ್ತು ವರ್ಷ ದಾಟಿದವರು ಒಳಉಡುಪು ತಾವೇ ಒಗೆದುಕೊಳ್ಳಬೇಕು, ಗಂಡುಮಕ್ಕಳೂ ಸೇರಿ. ಈ ಕೊನೆಯ ಎರಡು ಪದಕ್ಕೆ ನಮ್ಮ ಅತ್ತೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು.

ಶಾಲೆಯ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ ಇಟ್ಟು ಹೊಲಿಸಿ. ಜೂನ್ ಬಂದಾಗ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ. ಎಲ್ಲ ಕಡೆ ಮಾಸಿ, ಬಿಚ್ಚಿದ ಮಡಿಕೆ ಮಾತ್ರ ಕಡು ನೀಲಿ ಪಟ್ಟಿಯಾಗಿ ಕಾಣುತ್ತದೆ ಅನ್ನುವುದೊಂದೇ ತೊಂದರೆ. ನಾನು ಅದರ ಮೇಲೊಂದು ಲೇಸು ಹಚ್ಚುತ್ತಿದ್ದೆ. ನಮ್ಮ ಶಾಲೆಯಲ್ಲಿ ಅರ್ಧ ಹುಡುಗಿಯರ ಲಂಗದಲ್ಲಿ ಆ ಪಟ್ಟಿ ಇರುತ್ತಿದ್ದುದರಿಂದ ಯಾರೂ ಯಾರನ್ನೂ ನಗುತ್ತಿರಲಿಲ್ಲ. ಈಗಿನ ಶಾಲೆಗಳ ಮಾತು ಬೇರೆ, ನಿಮ್ಮ ಮಗಳನ್ನು ಕೇಳಿ ಮಾಡಿ.

ದೊಡ್ಡವರಿಗೆ ಎಷ್ಟು ಸಾಕು ಅಂತ ನಾನು ಹೇಳಲಾರೆ. ನಮ್ಮ ಓಣಿಯ ಜೈನರ ಮನೆಯ ಅಜ್ಜಿ ಪರಿಗ್ರಹ ಪರಿಮಾಣದ ವ್ರತ ಹಿಡಿದಿದ್ದರು. ಸಂಸಾರಿಗಳು ನನಗೆ ಇಷ್ಟೇ ಹೊಲ, ಇಷ್ಟೇ ಬಂಗಾರ, ಇಷ್ಟೇ ಬಟ್ಟೆ ಅಂತ ತಾವೇ ಮಿತಿ ಹಾಕಿಕೊಳ್ಳುವ ವ್ರತ ಅದು. ಅಜ್ಜಿಯದು ಹನ್ನೆರಡು ಸೀರೆ. ಮೊಮ್ಮಗ ಹದಿಮೂರನೆಯದು ತಂದರೆ ಅದೇ ಸಂಜೆ ಒಂದು ಹೊರಗೆ. ಆ ಮನೆಯಲ್ಲಿ ಮೂವರು ಸೊಸೆಯಂದಿರು, ಮೂರು ಕಪಾಟು ತುಂಬ ಸೀರೆ. ಅಜ್ಜಿ ಒಂದು ದಿನವೂ ಆ ಕಡೆ ಕಣ್ಣೆತ್ತಿ ನೋಡಿದವರಲ್ಲ.

ಪ್ರಶ್ನೆ: ಐದು ಮಕ್ಕಳನ್ನು ಹೆತ್ತು ಈಗ ಸರಳ ಜೀವನದ ಪಾಠ ಮಾಡುತ್ತೀರಲ್ಲ, ಸರಳತೆಯನ್ನು ಅಲ್ಲಿಂದಲೇ ಶುರು ಮಾಡಬಹುದಿತ್ತಲ್ಲ? (ನಿವೃತ್ತ ನೌಕರರು, ಶಿವಮೊಗ್ಗ)

ಉತ್ತರ: ಮಾಡಬಹುದಿತ್ತು ಸಾರ್. ನಮ್ಮ ಮನೆಯೆದುರು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕೆಂಪು ತ್ರಿಕೋನವಿತ್ತು, ಕೆಳಗೆ "ನಾವಿಬ್ಬರು, ನಮಗಿಬ್ಬರು". ದಿನಾ ನೀರು ತರುವಾಗ ಓದುತ್ತಿದ್ದೆ. ಮೊದಲ ನಾಲ್ಕು ಹೆಣ್ಣು, ಐದನೆಯದು ಗಂಡು, ಆಮೇಲೆ ಆಪರೇಷನ್. ಅನುಕ್ರಮ ನೋಡಿದರೇ ನಿಮಗೆ ತಿಳಿಯುತ್ತದೆ ಯಾಕೆ ಐದು ಅಂತ. ನನಗೆ ಇಷ್ಟು ಸಾಕು ಅನ್ನಿಸಿದಾಗ ಅನ್ನಲಿಕ್ಕೆ ಬಾಯಿರಲಿಲ್ಲ. ನಾಲ್ಕನೆಯವಳು ಈ ಅಂಕಣ ತಪ್ಪದೆ ಓದುತ್ತಾಳೆ, ಅವಳಿಗೂ ಇದು ಹೊಸ ಸುದ್ದಿಯಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಈಗ ನಾಲ್ಕು ಐದು ಮಕ್ಕಳಿರುವವರು ಬಸ್ಸು ಹತ್ತಿದರೆ ಜನ ತಿರುಗಿ ನೋಡುತ್ತಾರೆ. ಒಂದು ಮಾತು ಮಾತ್ರ ಒಪ್ಪಿಕೊಳ್ಳುತ್ತೇನೆ: ನಮ್ಮದು ಆರಿಸಿಕೊಂಡ ಸರಳತೆಯಲ್ಲ, ತಿಂಗಳ ಇಪ್ಪತ್ತನೇ ತಾರೀಖಿಗೆ ಮುಗಿಯುತ್ತಿದ್ದ ಪಗಾರದ ಸರಳತೆ. ಅದನ್ನು ವ್ರತ ಅಂತ ಕರೆದುಕೊಂಡು ಮೆರೆಯುವ ಆಸೆ ನನಗಿಲ್ಲ.

ಪ್ರಶ್ನೆ: ಐದು ಮಕ್ಕಳ ಹುಟ್ಟುಹಬ್ಬಕ್ಕೆ ಐದು ಸಲ ಪ್ಲಾಸ್ಟಿಕ್ ಆಟಿಕೆ ಬರುತ್ತವೆ. ಬೇಡ ಅಂದರೆ ನೆಂಟರಿಗೆ ಬೇಜಾರು. (ಓದುಗರು, ಮೈಸೂರು)

ಉತ್ತರ: ಬೇಡ ಅನ್ನಬೇಡಿ, ಬೇಕಾದದ್ದನ್ನು ಹೇಳಿ. "ಸೋದರಮಾವ, ಅವಳಿಗೆ ಸೈಕಲ್ಲಿನ ಹಿಂದಿನ ಟೈರು ಸವೆದಿದೆ" ಅಂತ ಫೋನಿನಲ್ಲಿ ಹೇಳಿದರೆ ಯಾವ ಸೋದರಮಾವನಿಗೂ ಬೇಜಾರಾಗುವುದಿಲ್ಲ.

ಪ್ರಶ್ನೆ: ಅಕ್ಕೋರೆ, ನನಗೆ ಹದಿನೈದು ವರ್ಷ. ಐವರಲ್ಲಿ ಮೂರನೆಯವಳು. ನಮ್ಮ ಅಪ್ಪ ಅಮ್ಮ ಕಡಿಮೆ ಸಾಮಾನು, ಹೆಚ್ಚು ನೆಮ್ಮದಿ ಅಂತಾರೆ. ಮನೆಗೆ ಬಂದವರೆಲ್ಲ ಹೊಗಳುತ್ತಾರೆ. ಆದರೆ ನನ್ನ ಬ್ಯಾಗು, ಚಪ್ಪಲಿ, ಡ್ರೆಸ್ಸು ಎಲ್ಲ ಇಬ್ಬರು ಅಕ್ಕಂದಿರು ಉಪಯೋಗಿಸಿದ್ದು. ಕಂಪಾಸ್ ಬಾಕ್ಸಿನ ಮೇಲೆ ದೊಡ್ಡಕ್ಕನ ಹೆಸರು ಕೆತ್ತಿದೆ. ಹೊಸದು ಬೇಕು ಅಂದರೆ ಆಸೆಬುರುಕಿ ಅನ್ನುತ್ತಾರೆ. ನಾನು ಆಸೆಬುರುಕಿಯಾ? (ಹೆಸರು ಬೇಡ, ವಿಜಯಪುರ)

ಉತ್ತರ: ಅಲ್ಲ ತಂಗೀ. ಆ ಕಂಪಾಸ್ ಬಾಕ್ಸಿನ ಸಾಲು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿ ಬಂದೆ.

ನಿಮ್ಮ ಅಪ್ಪ ಅಮ್ಮ ಕೆಟ್ಟವರಲ್ಲ. ಐದು ಮಕ್ಕಳಿಗೆ ಐದು ಬ್ಯಾಗು ಕೊಳ್ಳುವ ಖರ್ಚು ನನಗೆ ಗೊತ್ತು. ಅಕ್ಕನ ಡ್ರೆಸ್ಸು ತಂಗಿಗೆ ಬರುವುದರಲ್ಲಿ ಅವಮಾನವೂ ಇಲ್ಲ. ಅವರಿಗೆ ಹೊಳೆಯದ ಒಂದು ವಿಷಯವಿದೆ. ಮೊದಲನೆಯವಳಿಗೆ ಎಲ್ಲ ಹೊಸದು ಬರುತ್ತದೆ. ಕೊನೆಯದರ ಹೊತ್ತಿಗೆ ಹಳೆಯದು ಹರಿದಿರುತ್ತದೆ, ಹಾಗಾಗಿ ಅದಕ್ಕೂ ಹೊಸದು ಬರುತ್ತದೆ. ನಡುವಿನವರಿಗೆ ಮಾತ್ರ ಎಲ್ಲದರ ಮೇಲೂ ಬೇರೆಯವರ ಹೆಸರು. ಸಾಮಾನು ಕಡಿಮೆ ಇದ್ದಷ್ಟೂ, ಇರುವುದರಲ್ಲಿ ಒಂದು ನನ್ನದು ಅನ್ನಿಸಬೇಕು. ಈ ಪತ್ರಿಕೆಯನ್ನು ಅಮ್ಮನ ಕಣ್ಣಿಗೆ ಬೀಳುವ ಹಾಗೆ ಮಡಿಚಿಡು. ಮಿಕ್ಕಿದ್ದು ಅವರಿಗೆ.

ಅಮ್ಮನವರೇ, ನಮ್ಮ ಮನೆಯಲ್ಲಿ ತಾಟು ಎಂಟೇ ಇದ್ದವು, ಬಂದವರಿಗೆ ಅಂತ ಇನ್ನೆರಡು. ಟಿಕೇಟು ಸುಟ್ಟ ಆ ವರ್ಷದ ದೀಪಾವಳಿಗೆ ಹಳೇ ತಾಟುಗಳನ್ನು ಮೋಡಿಗೆ (ಗುಜರಿಗೆ) ಹಾಕಿ, ಐದೂ ಮಕ್ಕಳನ್ನು ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ. ಅವರವರ ತಾಟು ಅವರವರೇ ಆರಿಸಿದರು. ಎರಡನೆಯವಳು ಹತ್ತು ತಾಟು ಬೆರಳಲ್ಲಿ ಬಡಿದು ಸದ್ದು ಕೇಳಿ ಹನ್ನೊಂದನೆಯದನ್ನು ಎತ್ತಿಕೊಂಡಳು. ಅಂಗಡಿಯವನು ಮಷಿನ್ನಿನಿಂದ ಕಿರ್ರೆನ್ನುತ್ತಾ ಅಂಚಿನ ಮೇಲೆ ಹೆಸರು ಹಾಕಿಕೊಟ್ಟ. ಸಾಮಾನು ಒಂದೂ ಹೆಚ್ಚಾಗಲಿಲ್ಲ. ಅಂದಿನಿಂದ ಯಾರ ತಾಟು ಯಾರು ತೊಳೆಯಬೇಕು ಅನ್ನುವ ಜಗಳವೂ ನಿಂತಿತು. ಮದುವೆಯಾಗಿ ಹೋಗುವಾಗ ನಾಲ್ಕು ಜನವೂ ತಮ್ಮ ತಾಟು ಒಯ್ದರು. ಎರಡನೆಯವಳದು ಆ ಕೀಲಿ ಹಾಕಿದ ಕಪಾಟಿನಲ್ಲಿದೆ ಅಂತ ಮೊಮ್ಮಗ ಹೇಳಿದ.

ಇನ್ನು ನಿನಗೆ, ತಂಗೀ. ಅಮ್ಮ ಅಂಗಡಿಗೆ ಕರೆದುಕೊಂಡು ಹೋದರೆ ನಿನ್ನ ಹೆಸರನ್ನು ಚೀಟಿಯಲ್ಲಿ ಬರೆದುಕೊಡು, ಮಷಿನ್ನು ಓಡುವಾಗ ಪಕ್ಕದಲ್ಲೇ ನಿಂತಿರು. ನಮ್ಮ ಮೂರನೆಯವಳು ಬಳೆ ಅಂಗಡಿ ಕಡೆ ನೋಡುತ್ತಾ ನಿಂತಿದ್ದಳು. ಅವಳ ತಾಟಿನ ಮೇಲೆ ಇವತ್ತಿಗೂ ಒಂದು ದೀರ್ಘ ಹೆಚ್ಚಿಗೆ ಇದೆ.