ಇನ್‌ಫ್ರಾರೆಡ್ ಬೆಳಕು ನೀರಿನೊಳಗೆ ಇಳಿಯುವುದೇ ಇಲ್ಲ ಅಂದಮೇಲೆ, ಕಡಲ ನೀರು ನೋಡೋಕೆ ವಿಮಾನದಲ್ಲಿ ಇನ್‌ಫ್ರಾರೆಡ್ ಯಾಕೆ?

ಉಳ್ಳಾಲದ ಕಡೆಯವರು ಅಂತ ಬರೆದಿದ್ದೀರಿ. ಹಾಗಾದರೆ ಮಳೆಗಾಲದಲ್ಲಿ ನೇತ್ರಾವತಿಯ ಕೆಂಪು ನೀರು ಅಳಿವೆ ದಾಟಿ ಕಡಲಿಗೆ ನುಗ್ಗುವುದನ್ನು ನೋಡಿಯೇ ಇರುತ್ತೀರಿ. ಆ ನೀರಲ್ಲಿ ಹೂಳೆಷ್ಟು, ಪಾಚಿಯೆಷ್ಟು ಅಂತ ವಿಮಾನದಿಂದಲೇ ಹೇಳಬಹುದಾ, ಉಪಗ್ರಹ ಸಾಲದಾ, ಇನ್‌ಫ್ರಾರೆಡ್‌ಗೆ ಅಲ್ಲೇನು ಕೆಲಸ ಅನ್ನೋದು ನಿಮ್ಮ ಪ್ರಶ್ನೆ. ಕೊನೆಯದಕ್ಕೆ ಚಿಕ್ಕ ಉತ್ತರ: ನೀರಿನೊಳಗೆ ಹೆಚ್ಚು ಇಳಿಯುವುದಿಲ್ಲ ಅನ್ನುವುದಕ್ಕೇ ಅದು ಬೇಕು.

ಉಪಗ್ರಹದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕಡಲು ನೋಡುವುದಕ್ಕೆಂದೇ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-2ರ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 360 ಮೀಟರ್. ತೆರೆದ ಕಡಲಿಗೆ ಅದು ಧಾರಾಳ ಸಾಕು. ಅಳಿವೆಗೆ ಬಂದರೆ ನೀರು, ಮರಳು ದಿಬ್ಬ, ದಡದ ತೆಂಗಿನ ತೋಟ ಎಲ್ಲ ಒಂದೇ ಚೌಕದಲ್ಲಿ ಕಲಸಿಹೋಗುತ್ತದೆ. ವಿಮಾನ ಬೇಕಾಗುವುದು ಇಲ್ಲಿ. ನಾಸಾದ ಜೆಪಿಎಲ್ ಪ್ರಯೋಗಾಲಯದವರು ಕಟ್ಟಿದ ಅವಿರಿಸ್ ಅನ್ನೋ ಉಪಕರಣ 1980ರ ದಶಕದ ಕೊನೆಯಿಂದ ದಶಕಗಟ್ಟಲೆ ಹಾರಿದೆ. ಫೋನ್ ಕ್ಯಾಮೆರಾ ಬೆಳಕನ್ನು ಮೂರು ಬಣ್ಣವಾಗಿ ಬಿಡಿಸಿದರೆ, ಇದು ಸುಮಾರು 400ರಿಂದ 2500 ನ್ಯಾನೋಮೀಟರ್ ಅಲೆಯುದ್ದದವರೆಗಿನ ಬೆಳಕನ್ನು 224 ಪಟ್ಟಿಗಳಾಗಿ ಬಿಡಿಸುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಅದರಲ್ಲಿ 700ರ ಆಸುಪಾಸಿನವರೆಗೆ ಮಾತ್ರ, ಅದರಾಚೆಯದು ಇನ್‌ಫ್ರಾರೆಡ್. ಇದರದೇ ಹೊಸ ತಲೆಮಾರಿನ ಉಪಕರಣವನ್ನು ಇಸ್ರೋದ ಬಿ-200 ವಿಮಾನಕ್ಕೆ ಕೂರಿಸಿ 2015-16ರಲ್ಲೂ 2018ರಲ್ಲೂ ಭಾರತದಲ್ಲಿ ಹಾರಿಸಿದರು. ಹಾರಿಸಿದ ಜಾಗಗಳಲ್ಲಿ ಒಡಿಶಾದ ಚಿಲ್ಕಾ ಸರೋವರವೂ ಒಂದು. ಪಿಕ್ಸೆಲ್ 4ರಿಂದ 8 ಮೀಟರ್ ಅಷ್ಟೇ. ಒಂದು ಮೀನುಗಾರಿಕೆ ದೋಣಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ.

ಈಗ ಅಸಲಿ ತಲೆನೋವು. ನೀರೊಳಗೆ ಹೋಗಿ ಹೂಳಿಗೋ ಪಾಚಿಗೋ ತಾಗಿ ಮೇಲೆ ಬರುವ ಬೆಳಕು ತೀರಾ ಕಮ್ಮಿ, ಬಿದ್ದದ್ದರಲ್ಲಿ ನೂರಕ್ಕೆ ಕೆಲವೇ ಪಾಲು. ವಿಮಾನ ಎತ್ತರಕ್ಕೆ ಹೋದಷ್ಟೂ ನಡುವಿನ ಗಾಳಿ, ಮಂಜು, ಧೂಳು ಚದುರಿಸಿದ ಬೆಳಕೇ ಜಾಸ್ತಿಯಾಗುತ್ತದೆ. ಅದರ ಮೇಲೆ ತೆರೆಗಳ ನೆತ್ತಿಯಲ್ಲಿ ಬಿಸಿಲಿನ ಹೊಳಪು ಬೇರೆ. ಇಷ್ಟೆಲ್ಲ ಸೇರಿ ಒಂದೇ ಮೊತ್ತವಾಗಿ ಸೆನ್ಸರ್‌ಗೆ ಬರುತ್ತದೆ. ಇದರಲ್ಲಿ ನೀರಿನ ಪಾಲು ಎಷ್ಟು?

ಎಣ್ಣೆಗೆ ಪಾತ್ರೆ ತಗೊಂಡು ಹೋದರೆ ಅಂಗಡಿಯವರು ಮೊದಲು ಖಾಲಿ ಪಾತ್ರೆ ತೂಗುತ್ತಾರೆ, ಅಲ್ವಾ? ಇನ್‌ಫ್ರಾರೆಡ್ ಇಲ್ಲಿ ಆ ಖಾಲಿ ಪಾತ್ರೆಯ ತೂಕ. 860 ನ್ಯಾನೋಮೀಟರ್ ಬೆಳಕು ತಿಳಿನೀರಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. ಅಂದರೆ ಆ ಪಟ್ಟಿಯಲ್ಲಿ ನೀರು ಹೆಚ್ಚುಕಮ್ಮಿ ಕಪ್ಪಾಗಿರಬೇಕು. ಆದರೂ ಏನೋ ಬೆಳಕು ಬಂದಿದೆ ಅಂದರೆ ಅದು ಗಾಳಿಯದು, ಇಲ್ಲಾ ಹೊಳಪಿನದು. ಅದರ ಲೆಕ್ಕ ಹಿಡಿದು ನೀಲಿ, ಹಸಿರು, ಕೆಂಪು ಪಟ್ಟಿಗಳಿಂದಲೂ ಅಷ್ಟಷ್ಟು ಕಳೆದರೆ ಉಳಿಯುವುದು ನೀರಿನದು. ಆಮೇಲೆ ಪಟ್ಟಿಗಳ ಬೆಳಕನ್ನು ಗ್ರಾಫಿನ ಗೆರೆಯಾಗಿ ಎಳೆದು ಪಾಚಿಯ ಗುರುತು ಹುಡುಕಬಹುದು: 675ರ ಹತ್ತಿರ ಕ್ಲೋರೋಫಿಲ್ ಬೆಳಕು ನುಂಗಿದ ಗುಂಡಿ, ಪಕ್ಕದಲ್ಲೇ 700ರ ಕಡೆ ಒಂದು ಸಣ್ಣ ಗುಡ್ಡ.

ನಿಮ್ಮ ನೇತ್ರಾವತಿ ಇದೆಯಲ್ಲ, ಅಲ್ಲಿ ಈ ಉಪಾಯ ಕೈಕೊಡುತ್ತದೆ. ಹೂಳು ತುಂಬಿದ ನೀರು 860ರಲ್ಲೂ ಬೆಳ್ಳಗೆ ಹೊಳೆಯುತ್ತದೆ. ಪಾತ್ರೆ ಖಾಲಿಯೇ ಇರಲಿಲ್ಲ! ಗೊತ್ತಿಲ್ಲದೆ ಕಳೆದರೆ ನೀಲಿ ಪಟ್ಟಿಗಳಲ್ಲಿ ಉತ್ತರ ಮೈನಸ್‌ಗೆ ಹೋಗುತ್ತದೆ. ನಾನೇ ಒಮ್ಮೆ ಚಿಲ್ಕಾದ ಉತ್ತರ ಭಾಗಕ್ಕೆ, ದಯಾ ನದಿ ಹೂಳು ತಂದು ಸುರಿಯುವ ಕಡೆಗೆ, ಹೀಗೆ ಲೆಕ್ಕ ಹಾಕಿ ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದ್ದೆ. ಕೋಡ್ ಸರಿಯಾಗೇ ಇತ್ತು. ಇಂಥ ಕಡೆ ಇನ್ನೂ ಆಚೆಗೆ, 1600ಕ್ಕೋ 2200ಕ್ಕೋ ಹೋಗಬೇಕು. ಅಲ್ಲಿ ಬೆಳಕು ಒಂದೆರಡು ಮಿಲಿಮೀಟರ್ ಇಳಿಯುವುದೂ ಕಷ್ಟ, ಕೆಸರು ನೀರೂ ಕಪ್ಪೇ. 2500ರವರೆಗೆ ನೋಡುವ ಉಪಕರಣದ ಬೆಲೆ ಗೊತ್ತಾಗುವುದು ಆಗ.

ಬರೀ ಕಳೆಯುವುದಕ್ಕಷ್ಟೇ ಅಲ್ಲ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಝನ್ ಅನ್ನೋ ಎಣ್ಣೆಬಾವಿ ಕೊರೆಯುವ ತೇಲುಕಟ್ಟೆ ಸ್ಫೋಟಿಸಿ ಎಣ್ಣೆ ಹರಿದಾಗ, ಮುಂದಿನ ತಿಂಗಳೇ ಅವಿರಿಸ್ ಅದರ ಮೇಲೆ ಹಾರಿತು. ಬಣ್ಣಬಣ್ಣದ ತೆಳು ಪೊರೆ ಎಷ್ಟೇ ದೂರ ಹರಡಿದ್ದರೂ ಅದರಲ್ಲಿ ಎಣ್ಣೆ ಕಮ್ಮಿ. ದಪ್ಪ ಎಣ್ಣೆ ಎಲ್ಲಿದೆ ಅನ್ನೋದು ಮುಖ್ಯ. ಎಣ್ಣೆಯಲ್ಲಿರುವ ಕಾರ್ಬನ್-ಹೈಡ್ರೋಜನ್ ಕೊಂಡಿಗಳು 1200, 1700, 2300ರ ಹತ್ತಿರ ಬೆಳಕು ನುಂಗುತ್ತವೆ. ಸುತ್ತಲಿನ ನೀರು ಅಲ್ಲೆಲ್ಲ ಕಪ್ಪು. ಹಾಗಾಗಿ ಆ ಗುಂಡಿಗಳ ಆಳ, ಆಕಾರ ನೋಡಿ ಅಮೆರಿಕದ ಭೂವಿಜ್ಞಾನ ಸರ್ವೆಯವರು ದಪ್ಪ ಎಷ್ಟು, ಎಣ್ಣೆಗೆ ನೀರು ಎಷ್ಟು ಬೆರೆತಿದೆ ಅಂತ ಅಂದಾಜು ಮಾಡಿದರು. ನನ್ನ ಮಟ್ಟಿಗೆ ಈ ತಂತ್ರದ ಅತ್ಯಂತ ಚೆಂದದ ಕೆಲಸ ಅದು.

ವಿಮಾನ ಹಾರಿದರೆ ಸಾಕು, ದೋಣಿ ಬೇಡ ಅಂದ್ಕೋಬೇಡಿ. ವಿಮಾನದ ಲೆಕ್ಕ ಸರಿಯೇ ಅಂತ ತಾಳೆ ನೋಡಲು ಕೆಳಗೆ ಯಾರಾದರೂ ಅಳೆಯಲೇಬೇಕು. ಚಿಲ್ಕಾದಲ್ಲಿ ದೋಣಿಯ ಬಿಸಿಲು ಬೀಳುವ ಕಡೆ ಕೂತು, ನೆರಳು ತಾಗದ ಹಾಗೆ ಕೈ ಚಾಚಿ ಬೆಳಕು ಅಳೆಯುವ ಮೀಟರ್ ಹಿಡಿಯಬೇಕು. ಮೊದಲು ಹೋಲಿಕೆಗೆ ಇಟ್ಟ ಬಿಳಿ ಹಲಗೆಗೆ, ಆಮೇಲೆ ನೀರಿಗೆ, ಆಮೇಲೆ ಆಕಾಶಕ್ಕೆ. ಹಲಗೆಗೆ ಬೆರಳು ತಾಗಿದರೆ ಅವತ್ತಿನ ಅಳತೆ ಕೆಟ್ಟಿತು. ನಾವು ಕಡಲೆಪುರಿ ತಿಂದ ಕೈಯಲ್ಲಿ ಮುಟ್ಟಿ ಬೈಸಿಕೊಂಡಿದ್ದೂ ಇದೆ. ನೀರು ಎಷ್ಟು ತಿಳಿ ಅಂತ ತಿಳಿಯಲು ಕಪ್ಪು-ಬಿಳುಪು ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ ಎಲ್ಲಿ ಮಾಯವಾಗುತ್ತದೆ ಅಂತ ನೋಡುತ್ತೇವೆ. ಹೂಳಿನ ಕಡೆ ಮೊಣಕೈ ಉದ್ದ ಇಳಿಯುವಷ್ಟರಲ್ಲೇ ಅದು ಕಾಣಿಸುತ್ತಿರಲಿಲ್ಲ.

ಇನ್ನು ನಿಮ್ಮ ಕೆಂಪು ನೀರು. ಜುಲೈನಲ್ಲಿ ಮೋಡದ ಮೇಲಿಂದ ಈ ಉಪಕರಣಕ್ಕೆ ಏನೂ ಕಾಣದು. ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯಬೇಕು, ಇಲ್ಲಾ ಮೋಡದ ಕೆಳಗೆ ಡ್ರೋನ್ ಹಾರಿಸಬೇಕು. ಕೈಯಾಡಿಸಿ ನೋಡುವ ಆಸೆ ಇದ್ದರೆ ಜೆಪಿಎಲ್ ತಾಣದಲ್ಲಿ ಅವಿರಿಸ್ ಫೈಲುಗಳು ಉಚಿತವಾಗಿ ಸಿಗುತ್ತವೆ. ಒಂದೊಂದೂ ಗಿಗಾಬೈಟ್‌ಗಟ್ಟಲೆ, ಹಾಸ್ಟೆಲ್ ವೈಫೈ ನಂಬಬೇಡಿ. ಯಾವುದಾದರೂ ಅಳಿವೆಯ ಫೈಲ್ ತೆರೆದು ಮೊದಲು 860ರ ಪಟ್ಟಿ ನೋಡಿ, ಆಮೇಲೆ 2200ರದ್ದು. ಮೊದಲನೆಯದರಲ್ಲಿ ಬೆಳ್ಳಗಿದ್ದು ಎರಡನೆಯದರಲ್ಲಿ ಕಪ್ಪಾದ ನೀರು ಹೂಳಿನದು. ಎರಡರಲ್ಲೂ ಬೆಳ್ಳಗಿದ್ದರೆ ಹೊಳಪು, ನೊರೆ, ಅಥವಾ ಯಾರದೋ ದೋಣಿ.