05/11 ಯಾವ ತಿಂಗಳು? ಸಾಫ್ಟ್‌ವೇರ್‌ಗೆ ಊಹಿಸಲು ಬಿಡಬೇಡಿ

ತಾರೀಖಿನ ಪ್ರಶ್ನೆಗಳು ಬರುತ್ತಲೇ ಇವೆ. ಜಾಸ್ತಿ ಜನ ಕೇಳುವುದು ಒಂದೇ: ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿದರೆ ಸರಿಹೋಗುತ್ತೆ? ಯಾವುದು ಹಾಕಿದರೂ ಸರಿಹೋಗಲ್ಲ. ಯಾಕೆ ಅಂತ ಈ ಸಲ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಮಂಡ್ಯದ ಬೆಲ್ಲದ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಹಳೇ ಲೆಕ್ಕದ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬರೆದ ಸಾಲುಗಳ ಪಟ್ಟಿ) ಪೈಥಾನ್ ಭಾಷೆಯ ಡೇಟ್‌ಯುಟಿಲ್ ಲೈಬ್ರರಿಯಿಂದ ಓದಿಸಿದೆ. 13ನೇ ತಾರೀಖಿನಿಂದ ಆಚೆಗೆ ಎಲ್ಲ ಸರಿ. 12ರ ಒಳಗಿನವುಗಳಲ್ಲಿ ದಿನ, ತಿಂಗಳು ಅದಲುಬದಲಾಗಿವೆ. ಬೇರೆ ಒಳ್ಳೆಯ ಲೈಬ್ರರಿ ಇದೆಯಾ?

ಉತ್ತರ: ಲೈಬ್ರರಿ ಕೆಟ್ಟಿಲ್ಲ. ನೀವು ಊಹಿಸು ಅಂದಿರಿ, ಅದು ಊಹಿಸಿತು. ಏನೂ ಹೇಳದಿದ್ದರೆ ಅದು ಅಮೆರಿಕದ ರೀತಿಯಲ್ಲಿ ಮೊದಲ ಅಂಕಿಯನ್ನು ತಿಂಗಳು ಅಂದುಕೊಳ್ಳುತ್ತದೆ. 13ನೇ ತಿಂಗಳು ಇಲ್ಲವಲ್ಲ, ಅಲ್ಲಿ ಮಾತ್ರ ಸದ್ದಿಲ್ಲದೆ ತಿರುಗಿಸಿ ಓದುತ್ತದೆ. ಹೀಗೆ ಎರಡು ರೀತಿ ಓದಬಹುದಾದ ದಿನಗಳು ವರ್ಷಕ್ಕೆ 132. ಎಲ್ಲ ಸಾಲೂ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅರೆಬರೆ ಸರಿ ಇರುವುದೇ ಅಪಾಯ.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಂಡಿ ಲೆಕ್ಕದಲ್ಲಿ ಬಡ್ಡಿ ಇರುತ್ತದೆ. ಆಲೆಮನೆಯವರು ನವೆಂಬರ್ 5ಕ್ಕೆ ಮುಂಗಡ ತೆಗೆದುಕೊಂಡಿದ್ದು 05/11 ಅಂತ ಇದೆ. ಸಾಫ್ಟ್‌ವೇರ್ ಅದನ್ನು ಮೇ 11 ಅಂತ ಓದಿದರೆ 178 ದಿನದ ಬಡ್ಡಿ ಅವರ ತಲೆ ಮೇಲೆ ಬೀಳುತ್ತದೆ. ಎರರ್ ಬಂದು ಕೆಲಸ ನಿಂತರೆ ಯಾರಾದರೂ ನೋಡುತ್ತಾರೆ. ತಪ್ಪು ತಾರೀಖನ್ನು ಯಾರೂ ನೋಡುವುದಿಲ್ಲ.

ದಿನ ಮೊದಲು ಅನ್ನುವ ಸೆಟ್ಟಿಂಗ್ ಹಾಕಿಬಿಡಿ ಅನ್ನುವವರ ಮಾತನ್ನೂ ಕೇಳಬೇಡಿ. ಡೇಟ್‌ಯುಟಿಲ್‌ನಲ್ಲಿ ಅದನ್ನು ಹಾಕಿದರೆ 2024-11-05 ಕೂಡ ಮೇ 11 ಆಗುತ್ತದೆ!

ಫೈಲು ಬರೆದವರನ್ನು ಕೇಳಿ, ಯಾವುದು ಮೊದಲು ಅಂತ. ಆಮೇಲೆ, ಕೊಟ್ಟ ಮಾದರಿಯಂತೆಯೇ ತಾರೀಖು ಓದುವ ಪೈಥಾನ್‌ನ ಸ್ಟ್ರಿಪ್‌ಟೈಮ್‌ಗೆ ದಿನ, ತಿಂಗಳು, ನಾಲ್ಕಂಕಿ ವರ್ಷ ಎಂಬ ಒಂದೇ ಮಾದರಿ ಕೊಟ್ಟು ಓದಿಸಿ. ಒಂದು ಸಾಲು ಹೊಂದದಿದ್ದರೂ ಇಡೀ ಫೈಲನ್ನು ವಾಪಸ್ ಮಾಡಿ. ಹೊಂದದ ಸಾಲನ್ನಷ್ಟೇ ಬಿಟ್ಟು ಮುಂದೆ ಹೋಗಬೇಡಿ, ಉಳಿದವು ಯಾವ ರೀತಿ ಇವೆ ಅನ್ನುವುದಕ್ಕೆ ಅದೇ ಸುಳಿವು. ಡೇಟಾಬೇಸ್‌ನಲ್ಲಿ ಈಗಾಗಲೇ ಕೆಟ್ಟಿರುವುದನ್ನು ತಿರುಗಿಸಲು ಹೋಗಬೇಡಿ. ಈ ನಡುವೆ ಕೈಯಿಂದ ಬರೆದ ಸರಿಯಾದ ತಾರೀಖುಗಳೂ ಕೆಡುತ್ತವೆ. ಮೂಲ ಫೈಲಿನಿಂದ ಬಂದ ಸಾಲುಗಳನ್ನಷ್ಟೇ ಅಳಿಸಿ ಮತ್ತೆ ತುಂಬಿ. ಪರದೆಯ ಮೇಲೆ ಯಾವಾಗಲೂ '5 ನವೆಂಬರ್ 2024' ಅಂತಲೇ ತೋರಿಸಿ. ಮಂಡಿಯ ಗುಮಾಸ್ತರು ಒಂದೇ ನೋಟಕ್ಕೆ ತಪ್ಪು ಹಿಡಿಯುತ್ತಾರೆ.

ಪ್ರಶ್ನೆ: ವಿಂಡೋಸ್‌ನಲ್ಲಿ ರೀಜನ್ (ದೇಶದ ಸೆಟ್ಟಿಂಗ್) ಬದಲಿಸಿದರೆ ಎಕ್ಸೆಲ್‌ನ ತಾರೀಖುಗಳು ಸರಿಹೋಗುತ್ತವೆ ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ. ನಿಜವಾ?

ಉತ್ತರ: ನಿಮ್ಮ ಕಂಪ್ಯೂಟರ್‌ನಲ್ಲಿ ಹೌದು. ಪಕ್ಕದ ಮೇಜಿನದರಲ್ಲಿ ಇಲ್ಲ. ಅಂಥ ವಿಡಿಯೊ ನೋಡಿ ಲೆಕ್ಕ ಮುಟ್ಟಬೇಡಿ.

ಪ್ರಶ್ನೆ: ವರ್ಷಕ್ಕೆ ಎರಡಂಕಿ ಸಾಕಲ್ವಾ?

ಉತ್ತರ: ಸಾಲದು. ಪೈಥಾನ್‌ನ ಸ್ಟ್ರಿಪ್‌ಟೈಮ್ 69 ಕಂಡರೆ 1969 ಅನ್ನುತ್ತದೆ, 68 ಕಂಡರೆ 2068.

ಪ್ರಶ್ನೆ: ಮೈಸೂರಿನಲ್ಲಿ ಸರಿಯಾಗಿ ಕಾಣುವ ಹುಟ್ಟಿದ ದಿನ, ಅಮೆರಿಕದಲ್ಲಿರುವ ಮಗಳ ಫೋನಿನಲ್ಲಿ ಒಂದು ದಿನ ಹಿಂದೆ ಕಾಣುತ್ತದೆ. ಯಾಕೆ?

ಉತ್ತರ: ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್ 2001-03-04 ಅನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಮಧ್ಯರಾತ್ರಿ ಅಂತ ಓದುತ್ತದೆ. ಆಗ ಅಮೆರಿಕದಲ್ಲಿ ಇನ್ನೂ ಹಿಂದಿನ ದಿನ. ಹುಟ್ಟಿದ ದಿನಕ್ಕೆ ಗಂಟೆ ಅಂಟಿಸಬೇಡಿ, ಬರೀ ತಾರೀಖಾಗಿ ಇಡಿ.