ಉಪ್ಪು ಏರಿಸಲು ಎಂಟು ವಾರ

ಪ್ರಶ್ನೆ: ನಮ್ಮ 100 ಲೀಟರ್ ತೊಟ್ಟಿಯಲ್ಲಿ ಹಸಿರು ಚುಕ್ಕೆಯ ಪಫರ್ ಮೀನಿದೆ. ಈಗ ಸವುಳು ನೀರು, ಹೈಡ್ರೋಮೀಟರ್‌ನಲ್ಲಿ (ನೀರಿನ ಸಾಂದ್ರತೆಯಿಂದ ಉಪ್ಪಿನಂಶ ತೋರಿಸುವ ಉಪಕರಣ) 1.005. ಸಮುದ್ರದ ನೀರಿಗೆ ಒಗ್ಗಿಸುವುದು ಹೇಗೆ? – ಓದುಗರು, ಮಡಿಕೇರಿ

ಉತ್ತರ: ವಾರಕ್ಕೆ 0.002ರಷ್ಟು ಮಾತ್ರ ಏರಿಸಿ. ಎಂಟು ವಾರದಲ್ಲಿ ಸಮುದ್ರದ ನೀರಿಗೆ ಹತ್ತಿರದ 1.021 ಮುಟ್ಟುತ್ತೀರಿ. ಅವಸರ ಮಾಡಿದರೆ ಮೊದಲು ಪೆಟ್ಟು ಬೀಳುವುದು ಹೆಚ್ಚಾಗಿ ಮೀನಿಗಲ್ಲ, ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೆ; ಮೀನಿನ ತ್ಯಾಜ್ಯದ ವಿಷಕಾರಿ ಅಮೋನಿಯಾವನ್ನು ಅರಗಿಸುವುದು ಅವೇ, ಅವು ಸತ್ತರೆ ಅಮೋನಿಯಾ ಏರುತ್ತದೆ, ಆಮೇಲೆ ಮೀನೂ ಉಳಿಯದು.

ಮೊದಲ ವಾರ 20 ಲೀಟರ್ ತೆಗೆಯಿರಿ. ಹೊಸ 20 ಲೀಟರ್‌ಗೆ ಸುಮಾರು 450 ಗ್ರಾಂ ಅಕ್ವೇರಿಯಂ ಸಮುದ್ರ ಉಪ್ಪು ಬೇಕು: ಹೊರಹೋದ ನೀರಿನದು 150, ಏರಿಕೆಗೆ 300. ಮುಂದಿನ ವಾರಗಳಲ್ಲಿ ಹೊರಹೋಗುವ ಉಪ್ಪು ಹೆಚ್ಚುವುದರಿಂದ ಪ್ರತಿ ಸಲ ಹಿಂದಿನ ವಾರದ ಲೆಕ್ಕಕ್ಕೆ ಸುಮಾರು 60 ಗ್ರಾಂ ಕೂಡಿಸಿ. ಅಡುಗೆ ಉಪ್ಪು ಬೇಡವೇ ಬೇಡ. ಬಕೆಟ್ಟಿನಲ್ಲಿ ಏರ್ ಪಂಪ್ ಬಿಟ್ಟು ರಾತ್ರಿಯಿಡೀ ಕರಗಿಸಿ, ತೊಟ್ಟಿಯಷ್ಟೇ ಬೆಚ್ಚಗೆ, 25–26 ಡಿಗ್ರಿಗೆ ತಂದು, ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಸುರಿಯಿರಿ. ಹರಳನ್ನು ನೇರವಾಗಿ ತೊಟ್ಟಿಗೆ ಹಾಕಬೇಡಿ.

ನಿಮ್ಮೂರಿನ ಮಳೆಗಾಲದಲ್ಲಿ ಉಪ್ಪು ತೇವ ಹೀರಿ ಗಟ್ಟಿಯಾಗುತ್ತದೆ, ಗ್ರಾಂ ಲೆಕ್ಕ ತಪ್ಪುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ತೂಕ ನಂಬದೆ ಹೈಡ್ರೋಮೀಟರ್ ನೋಡಿ. ಕರೆಂಟ್ ಹೋದಾಗಲೆಂದು ಬ್ಯಾಟರಿ ಪಂಪ್ ಇಟ್ಟುಕೊಳ್ಳಿ, ಉಪ್ಪುನೀರಲ್ಲಿ ಆಮ್ಲಜನಕ ಕಡಿಮೆ.

ಆವಿಯಾದ ನೀರಿಗೆ ಸಿಹಿನೀರನ್ನೇ ತುಂಬಿ, ಉಪ್ಪು ಆವಿಯಾಗುವುದಿಲ್ಲ.

ಮೀನಿನ ಬಿಳಿ ಹೊಟ್ಟೆ ಕಪ್ಪಾಗಿ, ಕಿವಿರು ಬಡಿತ ಜೋರಾದರೆ ಅಮೋನಿಯಾ ಪರೀಕ್ಷಿಸಿ. ಸೊನ್ನೆಗಿಂತ ಮೇಲಿದ್ದರೆ ಉಪ್ಪು ಅಲ್ಲಿಗೇ ನಿಲ್ಲಿಸಿ, ಅದೇ ಉಪ್ಪಿನಂಶದ ನೀರು ಬದಲಿಸಿ, ಸೊನ್ನೆಗೆ ಇಳಿದ ಮೇಲೆ ಮುಂದುವರಿಯಿರಿ.